ಟ್ಯೂಬಿಂಗನ್‌ನಲ್ಲಿ ಕನ್ನಡ

ದಕ್ಷಿಣ ಜರ್ಮನಿಯ ಸ್ವಾಬಿಯ ಸೀಮೆಯಲ್ಲಿ, ನೆಕರ್ ನದಿಯ ದಡದಲ್ಲಿ ಟ್ಯೂಬಿಂಗನ್ ಎಂಬ ಹಳೆಯ ಊರಿದೆ. ಮಗನ ಮನೆಗೆ ಹೋಗಿದ್ದಾಗ ಮೊಮ್ಮಗಳ ಕೈ ಹಿಡಿದು ಅಲ್ಲಿನ ಕಲ್ಲುಹಾಸಿನ ಬೀದಿಗಳನ್ನು ಸುತ್ತಿದೆ. ಮರದ ತೊಲೆಗಳು ಹೊರಗೇ ಕಾಣುವಂತೆ ಕಟ್ಟಿದ ಮನೆಗಳು, 1435ರ ಪುರಭವನ, ಅದರ ಗೋಡೆಯ ಮೇಲೆ ಚಂದ್ರನ ಕಲೆಗಳನ್ನೂ ತೋರಿಸುವ 1511ರ ಗಡಿಯಾರ! 1477ರಲ್ಲಿ ಆರಂಭವಾದ ವಿಶ್ವವಿದ್ಯಾಲಯದಲ್ಲಿ ಖಗೋಳ ವಿಜ್ಞಾನಿ ಕೆಪ್ಲರ್ ಓದಿದ್ದರು.

ಅಲ್ಲೇ ಓದಿದ ಇನ್ನೊಬ್ಬರು ಹರ್ಮನ್ ಮೊಗ್ಲಿಂಗ್. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರತಂದವರು ಅವರೇ. 1894ರಲ್ಲಿ ಪ್ರಕಟವಾದ ಕನ್ನಡ–ಇಂಗ್ಲಿಷ್ ನಿಘಂಟನ್ನು ರಚಿಸಿದ ಫರ್ಡಿನೆಂಡ್ ಕಿಟ್ಟೆಲ್ 1903ರಲ್ಲಿ ಕಣ್ಣುಮುಚ್ಚಿದ್ದೂ ಇದೇ ಊರಿನಲ್ಲಿ.

ನನ್ನ ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ. ಆದರೆ ಉತ್ತರವೆಲ್ಲ ಜರ್ಮನ್ ಭಾಷೆಯಲ್ಲೇ. ಅವಳಪ್ಪನಿಗೂ ನನಗೂ ಅದೇ ಚಿಂತೆ. ಕಿಟ್ಟೆಲ್ಲರ ಕಥೆ ಕೇಳಿದವಳು ಅಂದು, “ಅಜ್ಜಾ, ಅವರಿಗೆ ಕನ್ನಡ ಯಾರು ಕಲಿಸಿದ್ದು?” ಎಂದು ಕನ್ನಡದಲ್ಲೇ ಕೇಳಿದಳು!

“ಪಂಡಿತರು, ಹಳ್ಳಿಯ ಜನ, ಎಲ್ಲರೂ ಕಲಿಸಿದರು ಪುಟ್ಟಿ. ಗೊತ್ತಿಲ್ಲದ್ದನ್ನು ಅವರು ಕೇಳುತ್ತಲೇ ಇದ್ದರು.”

ಈಗ ಪ್ರತಿ ಭಾನುವಾರ ಫೋನ್ ಮಾಡಿ ನನ್ನಿಂದ ಐದು ಹೊಸ ಪದ ಕೇಳುತ್ತಾಳೆ. ಮೊದಲ ವಾರ ಕೇಳಿದ್ದು, ಆ ಮನೆಗಳಲ್ಲಿ ಕಂಡ ‘ತೊಲೆ’.