ಪ್ಲೇನೋದ ಏಳುಸುತ್ತಿನ ಕೋಟೆ

ಪ್ಲೇನೋ ಅಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಸಮತಟ್ಟು. ಹೆಸರಿಗೆ ತಕ್ಕ ಊರು. ಡಲ್ಲಾಸಿನಿಂದ ಉತ್ತರಕ್ಕೆ ಬಂದರೆ ಗುಡ್ಡವಿಲ್ಲ, ತಿರುವಿಲ್ಲ; ಅಗಲವಾದ ರಸ್ತೆ, ಅದರಾಚೆ ಗಾಜಿನ ಕಟ್ಟಡಗಳು. 2017ರಲ್ಲಿ ಟೊಯೋಟಾ ಕಂಪನಿ ಕ್ಯಾಲಿಫೋರ್ನಿಯಾ ಬಿಟ್ಟು ತನ್ನ ಉತ್ತರ ಅಮೆರಿಕಾ ಕಚೇರಿಯನ್ನು ಇಲ್ಲಿಗೆ ತಂದ ಮೇಲೆ ಲೆಗಸಿ ವೆಸ್ಟ್ ಕಡೆ ಬೆಳೆದದ್ದೇ ಬೆಳೆದದ್ದು. ಚಿತ್ರದುರ್ಗದ ಕಲ್ಲುಬಂಡೆ ನೋಡಿ ಬೆಳೆದ ನಮಗೆ ಏಳುಸುತ್ತಿನ ಕೋಟೆ ಸಿಕ್ಕಿದ್ದು ಈ ಬಯಲಲ್ಲೇ.

ನಮ್ಮ ಮನೆಯವರ ಕೆಲಸ ಒಂದು ಸೋಮವಾರ ಹೋಯ್ತು. ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಐ-94 ಅದಕ್ಕೂ ಮೊದಲೇ ಮುಗಿದರೆ ಅಷ್ಟೂ ಇಲ್ಲ. ಅಡುಗೆಮನೆ ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಿಕೊಂಡೆವು. ಮಗಳು ಮೂರನೇ ಕ್ಲಾಸು.

ಆರನೇ ದಿನ ಒಂದು ದೊಡ್ಡ ಕಂಪನಿಯಿಂದ ಫೋನು. ಅದು ಮೊದಲ ಸುತ್ತು. ಎರಡನೆಯದು ಕಂಪ್ಯೂಟರ್ ಪರೀಕ್ಷೆ. ಮೂರು, ನಾಲ್ಕು ವಿಡಿಯೋದಲ್ಲಿ. ಐದಕ್ಕೆ ಆಸ್ಟಿನ್‌ಗೆ ಬನ್ನಿ ಅಂದರು. ಐ-35ರಲ್ಲಿ 200 ಮೈಲಿ ಮೀರಿದ ದಾರಿ. ಬೆಳಗಿನ ಜಾವ ಹೊರಟು, ಟೆಂಪಲ್ ಊರಿನ ಬಕೀಸ್‌ನಲ್ಲಿ ಕಾರು ನಿಲ್ಲಿಸಿ, ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿಂದೆವು. ಆರನೆಯದು ಹ್ಯೂಸ್ಟನ್‌ನಲ್ಲಿ, ಐ-45ರಲ್ಲಿ ಇನ್ನೂ ದೂರ. ಏಳನೆಯದು ಮನೆಯಿಂದ ಹತ್ತು ನಿಮಿಷದ ಕಟ್ಟಡದಲ್ಲೇ! "ಇನ್ನೇನು, ಆಯ್ತು ಬಿಡಿ" ಅಂತ ಅವತ್ತು ಪಾಯಸ ಮಾಡಿದ್ದೂ ಆಯ್ತು. ಅದು 38ನೇ ದಿನ.

44ನೇ ದಿನ ಎರಡು ಸಾಲಿನ ಇಮೇಲ್ ಬಂತು. ಆ ಹುದ್ದೆಯನ್ನೇ ಸದ್ಯಕ್ಕೆ ತಡೆಹಿಡಿದಿದ್ದಾರಂತೆ.

ಅವತ್ತು ರಾತ್ರಿ ಯಾರೂ ಹೆಚ್ಚು ಮಾತಾಡಲಿಲ್ಲ. ಸೂಟ್‌ಕೇಸು ಕೆಳಗಿಳಿಸಿಟ್ಟೆವು. ಮಗಳು ಮಾತ್ರ, "ಅಜ್ಜಿ ಮನೆಗಾ?" ಅಂತ ಖುಷಿಯಾಗಿ ಕೇಳಿದಳು.

ನಮ್ಮನ್ನು ಕಾಪಾಡಿದ್ದು ಒಂದೇ ವಿಷಯ. ನಾಲ್ಕನೇ ಸುತ್ತಿನ ಹೊತ್ತಿಗೆ ಹಳೇ ಸಹೋದ್ಯೋಗಿಯೊಬ್ಬರು, "ಒಂದನ್ನೇ ನಂಬಿ ಕೂರಬೇಡ್ರಿ" ಅಂತ ಬೈದು, ರಿಚರ್ಡ್‌ಸನ್‌ನ ಸಣ್ಣ ಕಂಪನಿಯೊಂದಕ್ಕೆ ಅರ್ಜಿ ಹಾಕಿಸಿದ್ದರು. ಅಲ್ಲಿ ಎರಡೇ ಸುತ್ತು. 46ನೇ ದಿನ ಕೆಲಸ ಕೊಟ್ಟರು. ಸಂಬಳ ಕಡಿಮೆ, ಹೂಂ ಅಂದೆವು. ಹೊಸ ಕಂಪನಿ ವೀಸಾ ಅರ್ಜಿ ಸಲ್ಲಿಸುವ ಮೊದಲು ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಮಂಜೂರಾಗಬೇಕು. ಅದಕ್ಕೇ ಏಳು ಕೆಲಸದ ದಿನ. ನಮ್ಮ ಅರ್ಜಿ ಇಮಿಗ್ರೇಶನ್ ಕಚೇರಿ ತಲುಪಿದ್ದು 58ನೇ ದಿನ.

ಹಾಗಾಗಿ ಬಂಧುಗಳೇ, 60 ಅಂದರೆ 60 ಅಲ್ಲ. ಕೊನೆಯ ಎರಡು ವಾರ ಕಾಗದಪತ್ರಕ್ಕೇ ಬೇಕು. 45 ಅಂತಲೇ ಲೆಕ್ಕ ಹಾಕಿ. ಮೊದಲ ಫೋನಿನಲ್ಲೇ ಕೇಳಿಬಿಡಿ: ಎಷ್ಟು ಸುತ್ತು, ಕೊನೆಗೆ ತೀರ್ಮಾನಿಸುವವರು ಯಾರು, ಯಾವಾಗ ಹೇಳುತ್ತೀರಿ? ಕೇಳಿದರೆ ಮರ್ಯಾದೆ ಹೋಗೋದಿಲ್ಲ. ನಾವು ಸಂಕೋಚಪಟ್ಟು 38 ದಿನ ಕಳೆದೆವು. ದಿನ ಮುಗಿಯುತ್ತಾ ಬಂದರೆ, ಸಂದರ್ಶಕ ವೀಸಾಕ್ಕೆ ಬದಲಾಯಿಸಿಕೊಳ್ಳಲು ಅವಧಿಯೊಳಗೇ ಅರ್ಜಿ ಹಾಕಬಹುದಾ ಅಂತ ವಕೀಲರನ್ನು ವಿಚಾರಿಸಿ.

ಈಗಲೂ ಮಗಳನ್ನು ಸ್ಕೂಲಿಗೆ ಬಿಡುವಾಗ ಆ ಏಳನೇ ಸುತ್ತಿನ ಕಟ್ಟಡ ದಾಟಿಯೇ ಹೋಗಬೇಕು. ಸೂಟ್‌ಕೇಸು ಮತ್ತೆ ಅಟ್ಟ ಸೇರಿದೆ. ಡಿಸೆಂಬರ್‌ನಲ್ಲಿ ದುರ್ಗಕ್ಕೆ ಹೋಗುವಾಗ ಇಳಿಸಿದರಾಯ್ತು.