ಶ್ರೀಗೌರಿಯೂ ಎರಡು ಬ್ಯಾಂಡುಗಳೂ

ಮೈಸೂರು ಅರಮನೆಯ ಆಶ್ರಯದಲ್ಲಿ ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎಂಬ ಎರಡು ವಾದ್ಯವೃಂದಗಳು ಏಕಕಾಲದಲ್ಲಿ ಬಾಳಿ, ಅರಸೊತ್ತಿಗೆ ಮುಗಿದ ಮೇಲೆಯೂ ಅವೇ ಹೆಸರುಗಳಿಂದ ಪೊಲೀಸ್ ಇಲಾಖೆಯ ಆಸರೆಯಲ್ಲಿ ಉಳಿದು, ದಸರೆಯ ದಿನಗಳಲ್ಲಿ ನಮ್ಮ ಕಿವಿಗಳಿಗೆ ಹಬ್ಬವನ್ನುಂಟುಮಾಡುತ್ತಿರುವುದು ಬಹುಮಂದಿ ಬಲ್ಲ ಸಂಗತಿಯೇ. ಬಸವಪ್ಪ ಶಾಸ್ತ್ರಿಗಳು ರಚಿಸಿದ, ಸಂಸ್ಥಾನಗೀತೆಯ ಪದವಿಯನ್ನು ಪಡೆದ ‘ಕಾಯೌ ಶ್ರೀಗೌರಿ’ಯನ್ನು ಈ ಎರಡು ವೃಂದಗಳಿಗೂ ಒಪ್ಪುವಂತೆ ಬೇರೆಬೇರೆಯಾಗಿ ಅಳವಡಿಸುವುದು ನನ್ನ ಬಿಡುವಿನ ವ್ಯಸನ. ಯಾರೂ ನನ್ನನ್ನು ಹೀಗೆ ಮಾಡೆಂದು ಕೇಳಿಲ್ಲವಾದುದರಿಂದ ಇದನ್ನು ಕಾರ್ಯವೆನ್ನಲು ಸಂಕೋಚವಾಗುತ್ತದೆ.

ಕರ್ನಾಟಕ ಬ್ಯಾಂಡಿನ ಹಾಳೆಯನ್ನು ಬರೆಯುವುದು ಮೇಲುನೋಟಕ್ಕೆ ಸುಲಭ. ಪಿಟೀಲು, ಕೊಳಲು, ವೀಣೆ, ಕ್ಲಾರಿನೆಟ್ಟುಗಳೆಲ್ಲಕ್ಕೂ ಒಂದೇ ಸ್ವರಪಂಕ್ತಿ. ಕೆಳಗೆ ಷಡ್ಜ ಪಂಚಮಗಳ ಅಚಲವಾದ ಶ್ರುತಿ. ಮೃದಂಗಕ್ಕೆ ತಾಳದ ಹೆಸರನ್ನು ಹೇಳಿದರೆ ಸಾಕು. ಆದರೆ ಈ ಗೀತೆಯ ರಾಗವಾದ ಶಂಕರಾಭರಣದ ಜೀವವಿರುವುದು ಬರೆದ ಸ್ವರಗಳಲ್ಲಿ ಅಲ್ಲ, ಅವುಗಳ ನಡುವಣ ಕಂಪನದಲ್ಲಿ. ಒಬ್ಬೊಬ್ಬ ವಿದ್ವಾಂಸನೂ ಮಧ್ಯಮ ನಿಷಾದಗಳನ್ನು ತನ್ನ ಗುರುಮನೆಯ ಬಾನಿಯಂತೆ ತೂಗಿಸುತ್ತಿರಲು, ಕಛೇರಿಯಲ್ಲಿ ಸೊಗಸೆನಿಸುವ ಆ ಸ್ವಾತಂತ್ರ್ಯವು ವೃಂದದಲ್ಲಿ ಸಂತೆಯ ಗದ್ದಲವಾದೀತು. ಆದಕಾರಣ ಇಲ್ಲಿ ಅಳವಡಿಸುವವನ ಮುಖ್ಯ ಕೆಲಸವು ಯಾವ ಗಮಕವನ್ನು ಯಾರಿಗೆ ಒಪ್ಪಿಸುವುದು, ಯಾರನ್ನು ಯಾವ ಸಾಲಿನಲ್ಲಿ ಸುಮ್ಮನಿರಿಸುವುದು ಎಂಬ ವಿವೇಚನೆಯೇ.

ಇಂಗ್ಲಿಷ್ ಬ್ಯಾಂಡಿನಲ್ಲಿ ಕಷ್ಟವು ತಿರುವುಮುರುವು. ಮೂರು ಗುಂಡಿಗಳ ತುತ್ತೂರಿಯು ಸ್ವರದಿಂದ ಸ್ವರಕ್ಕೆ ಜಿಗಿಯಬಲ್ಲುದೇ ಹೊರತು ಸುಲಭವಾಗಿ ಜಾರಲಾರದು. ಜಾರಬಲ್ಲ ಟ್ರಾಂಬೋನಿಗೆ ಗಮಕವನ್ನು ಒಪ್ಪಿಸಿದರೆ ಶ್ರೀಗೌರಿಗೆ ಅಪಚಾರವೆಸಗಿದಂತಾಗುತ್ತದೆ. ಕಂಪನವನ್ನು ಕಳೆದುಕೊಂಡ ರಾಗಕ್ಕೆ ಏನನ್ನಾದರೂ ಕೊಡಬೇಕಲ್ಲವೆ? ಶಂಕರಾಭರಣದ ಸ್ವರಗಳು ಪಾಶ್ಚಾತ್ಯರ ಮೇಜರ್ ಸ್ಕೇಲಿನ ಸ್ವರಗಳೇ ಆಗಿರುವುದರಿಂದ, ಯೂಫೋನಿಯಮ್ಮಿಗೆ ಒಂದು ಪ್ರತಿಗೀತವನ್ನೂ, ಹಾರ್ನುಗಳಿಗೆ ಎಡೆಪೆಟ್ಟುಗಳನ್ನೂ, ಟ್ಯೂಬಾಕ್ಕೆ ಮಂದ್ರದ ನಡಿಗೆಯನ್ನೂ ಬರೆಯಲು ಕೈ ತಾನಾಗಿಯೇ ಮುಂದಾಗುತ್ತದೆ. ಅಪಾಯವಿರುವುದೂ ಇಲ್ಲಿಯೇ. ಪಂಚಮದ ಸ್ವರಮೇಳಕ್ಕೆ ಠೀವಿಯಿಂದ ಹೋಗಿ ತಲಪಲೆಂದು ಹಾರ್ಮೊನಿ ಕಲಿತವನು ಒಂದು ಪ್ರತಿಮಧ್ಯಮವನ್ನು ನಡುವೆ ಸೇರಿಸುತ್ತಾನೆ. ವ್ಯಾಕರಣವು ಅದನ್ನು ಮೆಚ್ಚುತ್ತದೆ, ಆದರೆ ನಮ್ಮ ಕಿವಿಗೆ ಕರೆಯದೆಯೇ ಕಲ್ಯಾಣಿಯು ಬಾಗಿಲಲ್ಲಿ ನಿಂತಂತೆ ಕೇಳಿಸುತ್ತದೆ. ನಾನು ಅದನ್ನು ಸೇರಿಸುವುದಿಲ್ಲ. ನನ್ನ ಹಾರ್ಮೊನಿ ಬಡವಾಯಿತೆಂದು ಬಲ್ಲವರು ಹೇಳಬಹುದು, ಹೇಳಲಿ. ಮದರಾಸಿನಲ್ಲಿ ಕೇಳಿಬರುತ್ತಿದ್ದ ಯೂರೋಪಿಯನ್ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ಕಟ್ಟಿ ನೊಟ್ಟುಸ್ವರಗಳನ್ನು ರಚಿಸಿದ ಮುತ್ತುಸ್ವಾಮಿ ದೀಕ್ಷಿತರು ಅವುಗಳ ಮೇಲೆ ಗಮಕವನ್ನು ಹೇರದೆ ಬಿಟ್ಟರು. ಎದುರು ದಿಕ್ಕಿನಿಂದ ಬರುವ ನಮಗೂ ಅಷ್ಟು ಸಂಯಮವು ಸಲ್ಲಬೇಕು.

ಎರಡು ವೃಂದಗಳಲ್ಲಿಯೂ ಕುಳಿತುಕೊಳ್ಳಬಲ್ಲ ವಾದ್ಯವು ಕ್ಲಾರಿನೆಟ್ಟು. ಇಂಗ್ಲಿಷ್ ಬ್ಯಾಂಡಿನಲ್ಲಿ ಬಿ ಫ್ಲಾಟಿನ ಷಡ್ಜವನ್ನು ನುಡಿಸಲು ಅದರ ಹಾಳೆಯಲ್ಲಿ ಸಿ ಎಂದು ಬರೆಯಬೇಕು. ಕರ್ನಾಟಕ ಬ್ಯಾಂಡಿನಲ್ಲಿ ಬರೆಯುವುದು ಕೇವಲ ‘ಸ’. ತಂಜಾವೂರಿನ ಕಡೆಯ ನಟ್ಟುವನಾರರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅದನ್ನು ಕೈಗೆತ್ತಿಕೊಂಡು, ಬೆರಳಿನಿಂದಲೂ ತುಟಿಯಿಂದಲೂ ಅದನ್ನು ಗಮಕಕ್ಕೆ ಪಳಗಿಸಿದರು. ಹೀಗಾಗಿ ಇಂಗ್ಲಿಷ್ ಬ್ಯಾಂಡಿನ ಹಾಳೆಯಲ್ಲಿ, ಎರಡನೆಯ ಸಾಲಿನ ತುದಿಯ ನಾಲ್ಕು ಮಾತ್ರೆಗಳನ್ನು ಕ್ಲಾರಿನೆಟ್ಟಿಗೆ ಮಾತ್ರ ಬಿಟ್ಟು, ನಿಷಾದವನ್ನು ಮನಸಾರೆ ತೂಗಿಸಲೆಂದು ಟ್ಯೂಬಾವನ್ನು ಷಡ್ಜದಲ್ಲಿ ನಿಲ್ಲಿಸಿ, ಉಳಿದವರ ಸಾಲುಗಳನ್ನೆಲ್ಲ ಬರಿದಾಗಿಟ್ಟಿದ್ದೇನೆ. ಬ್ಯಾಂಡ್‌ಮಾಸ್ಟರರ ಕಣ್ಣಿಗೆ ಅದು ನಕಲು ಮಾಡುವಾಗ ಬಿಟ್ಟುಹೋದ ಭಾಗವೆಂದು ತೋರಿ, ಅವರು ಅದನ್ನು ಕೂಡಲೇ ತುಂಬಿಬಿಟ್ಟಾರೆಂಬ ಶಂಕೆಯಿಂದ, ‘ಬೇಕೆಂದೇ ಬಿಟ್ಟದ್ದು’ ಎಂದು ಪಕ್ಕದಲ್ಲಿ ಕೆಂಪುಶಾಯಿಯಲ್ಲಿ ಬರೆದಿಟ್ಟಿದ್ದೇನೆ.