ಎರಡನೆಯ ಹಗ್ಗ

ಕೋಟೆಯೆಂದರೆ ಬೆಟ್ಟದ ಮೇಲಿರಬೇಕು ಎಂಬುದು ನಮ್ಮ ಬಂಟ್ವಾಳದ ಕಡೆಯವರ ನಂಬಿಕೆ. ಬೆಳ್ತಂಗಡಿಯ ಬಳಿ ಕತ್ತೆತ್ತಿದರೆ ಗಡಾಯಿಕಲ್ಲು ಕಾಣುತ್ತದೆ. 1794ರಲ್ಲಿ ಟಿಪ್ಪು ಅದರ ಮೇಲೆ ಕೋಟೆ ಕಟ್ಟಿಸಿ, ಜಮಾಲಾಬಾದ್ ಎಂದು ಕರೆದನು. ಅದನ್ನು ನೋಡಿ ಬೆಳೆದವರಿಗೆ, ಹೊನ್ನಾವರದ ಕಡಲಿನಲ್ಲಿ ಒಂದು ಕೋಟೆಯಿದೆ, ದೋಣಿಯಲ್ಲಿ ಹೋಗೋಣ ಎಂದರೆ ಉತ್ಸಾಹ ಹುಟ್ಟುವುದುಂಟೆ? ಮನೆಯಲ್ಲಿ ಎಲ್ಲರೂ ಒಂದೊಂದು ಕೆಲಸ ಹೇಳಿದರು. "ನಾನು ಬರುತ್ತೇನೆ" ಎಂದವರು ಎಂಬತ್ತು ದಾಟಿದ ಅಪ್ಪ.

ನನಗೆ ಆಶ್ಚರ್ಯವಾಯಿತು. ನೇತ್ರಾವತಿಯ ದಂಡೆಯಲ್ಲೇ ಹುಟ್ಟಿದರೂ ನನಗೆ ಬುದ್ಧಿ ತಿಳಿದಂದಿನಿಂದ ಅವರು ದೋಣಿ ಹತ್ತಿದ್ದನ್ನು ಕಂಡಿರಲಿಲ್ಲ. ಅಜ್ಜನಿಗೆ ಸ್ವಂತ ದೋಣಿಯಿತ್ತು. ಬಂಟ್ವಾಳದ ಪೇಟೆ ಬೆಳೆದದ್ದೇ ಹೊಳೆಯಿಂದ. ಘಟ್ಟ ಇಳಿದು ಬಂದ ಸರಕು ಇಲ್ಲಿ ದೋಣಿಯೇರಿ ಮಂಗಳೂರಿಗೆ ಹೋಗುತ್ತಿದ್ದ ಕಾಲವದು. ಲಾರಿಗಳು ಬಂದ ಮೇಲೂ ಅಜ್ಜ ದೋಣಿಯನ್ನು ಮಾರಲಿಲ್ಲ. ಊರನ್ನೇ ಮುಳುಗಿಸಿದ 1974ರ ನೆರೆಯಲ್ಲಿ ಅದು ಹೋಯಿತು. ನನಗೆ ಗೊತ್ತಿದ್ದ ಕಥೆ ಇಷ್ಟೇ.

ಡಿಸೆಂಬರಿನ ಒಂದು ಬೆಳಗ್ಗೆ ಹೊನ್ನಾವರದಲ್ಲಿ ಮೀನುಗಾರರ ದೋಣಿ ಹತ್ತಿದೆವು. ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ ಮರಳಿನ ದಿಬ್ಬಗಳಿವೆ. ಭರತದ ಹೊತ್ತು ನೋಡಿ ದಾಟಬೇಕು. ಅಲೆ ದೋಣಿಯನ್ನು ಎತ್ತಿ ಕುಕ್ಕಿದಾಗ ನಾನು ಹಲಗೆಯನ್ನು ಬಿಗಿಯಾಗಿ ಹಿಡಿದುಕೊಂಡೆ. ಅಪ್ಪ ಮಾತ್ರ ಮನೆಯ ಜಗಲಿಯಲ್ಲಿ ಕುಳಿತಂತೆ ಕುಳಿತಿದ್ದರು.

ಬಸವರಾಜದುರ್ಗ ಎಂದು ಅದರ ಹೆಸರು. ಕೆಳದಿಯ ನಾಯಕರ ಕಾಲದ ಕೋಟೆ. ದಡದಿಂದ ನೋಡಿದರೆ ನೀರಿನಲ್ಲಿ ಮಲಗಿದ ಕೋಣದ ಬೆನ್ನಿನಂತಿರುತ್ತದೆ. ಹತ್ತಿರ ಬಂದಾಗ ಕೆಂಪುಕಲ್ಲಿನ ಗೋಡೆ ಕಾಣುತ್ತದೆ. ಶರಾವತಿಯ ಬಾಯಿಯನ್ನು ಕಾಯಲು ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕದು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ನಾಯಕರ ಆಳ್ವಿಕೆ ಮುಗಿಯಿತು. ಇಪ್ಪತ್ತು ವರ್ಷದ ಮೇಲೆ ಎದುರಿನ ಹೊನ್ನಾವರದ ಕೋಟೆಯಲ್ಲಿ ಇಂಗ್ಲಿಷರ ಕ್ಯಾಪ್ಟನ್ ಟೊರಿಯಾನೊ ಟಿಪ್ಪುವಿನ ಸೈನ್ಯದ ಮುತ್ತಿಗೆಯನ್ನು ತಡೆದು ಕುಳಿತಿದ್ದನು. 1784ರ ಮಾರ್ಚಿನಲ್ಲಿ ಮಂಗಳೂರಿನ ಒಪ್ಪಂದವಾದ ಮೇಲೆಯೇ ಆ ಕೋಟೆ ಖಾಲಿಯಾಯಿತು.

ಇಳಿಯಲು ಅಲ್ಲಿ ಕಟ್ಟೆಯಿಲ್ಲ. ದೋಣಿ ಅಲೆಯೊಡನೆ ಏರಿದಾಗ ಬಂಡೆಗೆ ಕಾಲಿಡಬೇಕು. "ಅಜ್ಜ, ನೀವು ಇಲ್ಲೇ ಕೂತ್ಕೊಳ್ಳಿ" ಎಂದ ದೋಣಿಯವನು. ಇಷ್ಟು ದೂರ ಬಂದು ಕೋಟೆ ನೋಡದಿರುವುದೇ ಎಂದು ನಾನು ಪೇಚಾಡಿದೆ. "ನೀನು ನೋಡಿ ಬಾ" ಎಂದರು ಅಪ್ಪ.

ನಾನು ಹತ್ತಿದೆ. ಮುರಿದ ಗೋಡೆ, ಕಲ್ಲುಸಂದಿಯಲ್ಲಿ ಬೇರಿಳಿಸಿದ ಮರ, ಮೇಲೆ ಬಯಲಿನಂತಹ ಹುಲ್ಲುಗಾವಲು, ಸುತ್ತ ನೀರು. ಕಾವಲು ಕುಳಿತ ಸಿಪಾಯಿಗಳು ಮಳೆಗಾಲದಲ್ಲಿ ಏನು ಮಾಡುತ್ತಿದ್ದರೋ! ಅಷ್ಟರಲ್ಲಿ ಕೆಳಗೆ ದೋಣಿ ಚಿಕ್ಕದಾಗಿ ಕಂಡಿತು; ಅದರಲ್ಲಿ ಅಪ್ಪನ ಬಿಳಿಯ ತಲೆ. ಕೋಟೆಯ ಮೇಲೆ ಹೆಚ್ಚು ಹೊತ್ತು ನಿಲ್ಲಲು ಮನಸ್ಸಾಗಲಿಲ್ಲ.

ಮರಳುವಾಗ ಅಪ್ಪ ತಾವಾಗಿಯೇ ಮಾತು ತೆಗೆದರು.

"ಆ ರಾತ್ರಿ ದೋಣಿ ಕಟ್ಟಲು ಅಜ್ಜ ನನ್ನನ್ನು ಕಳುಹಿಸಿದ್ದರು. ಎರಡು ಹಗ್ಗ ಹಾಕು ಅಂದಿದ್ದರು. ಮಳೆ ಜೋರಾಗಿತ್ತು. ಒಂದೇ ಹಾಕಿ ಬಂದೆ."

ಐವತ್ತು ವರ್ಷ ಈ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ. ಎರಡು ಹಗ್ಗವಿದ್ದರೂ ಆ ನೆರೆಗೆ ದೋಣಿ ಉಳಿಯುತ್ತಿರಲಿಲ್ಲ, ಮನೆಗಳೇ ಉಳಿಯಲಿಲ್ಲವಲ್ಲ ಎಂದೆ. ಅವರು ತಲೆಯಾಡಿಸಿದರು, ಒಪ್ಪಿದಂತೆ ತೋರಲಿಲ್ಲ.

"ಅಜ್ಜ ಏನಂದರು?"

"ಏನೂ ಅನ್ನಲಿಲ್ಲ. ಮಾರನೆಯ ದಿನ ಬಂದು ದಡದಲ್ಲಿ ನೋಡಿದರು. ಗೂಟಕ್ಕೆ ಒಂದೇ ಹಗ್ಗದ ತುಂಡಿತ್ತು. ನನ್ನನ್ನು ಊಟಕ್ಕೆ ಕರೆದರು."

ದಡ ಬಂತು. ದೋಣಿಯವನು ಒಂದು ಹಗ್ಗ ಕಟ್ಟಿದ. ಅಪ್ಪ ಬಾಗಿ ಇನ್ನೊಂದನ್ನು ಎತ್ತಿಕೊಂಡು ನಡುಗುವ ಕೈಯಿಂದ ಗಂಟು ಹಾಕತೊಡಗಿದರು. ಆತ ಅವಸರ ಮಾಡದೆ ಕಾದು ನಿಂತ. ಒಳ್ಳೆಯ ಮನುಷ್ಯ.

ಮನೆಗೆ ಬಂದಾಗ ಎಲ್ಲರೂ ಕೋಟೆ ಹೇಗಿತ್ತೆಂದು ಕೇಳಿದರು. ನಾನು ನಾಯಕರ ಕಥೆ ಆರಂಭಿಸುವ ಮೊದಲೇ ಅಪ್ಪ ಉತ್ತರ ಕೊಟ್ಟುಬಿಟ್ಟರು:

"ದೋಣಿ ಚೆನ್ನಾಗಿತ್ತು."